ಮೊದಲು ನೀರು, ಆಮೇಲೆ ಉಪ್ಪು

ಬೇಸಿಗೆ ಬಂತೆಂದರೆ ನಮ್ಮಾಕೆ ಜಾಡಿಯಲ್ಲಿಟ್ಟ ಉಪ್ಪುನೆಲ್ಲಿಯನ್ನು ಇನ್ನೊಮ್ಮೆ ಮಾಳಿಗೆಯ ಮೇಲೆ ಒಣಹಾಕುತ್ತಾಳೆ. ಆ ದಿನ ನಾನು ಮಾಳಿಗೆ ಹತ್ತುವುದಿಲ್ಲ. ಮೊಣಕಾಲು ನೋವೆಂದು ಹೇಳುತ್ತೇನೆ. ಸುಳ್ಳು. ಸುಳ್ಳು ಹೇಳುವುದು ನನಗೆ ಹಳೆಯ ರೂಢಿ. ಅದನ್ನೇ ನಿಮ್ಮ ಮುಂದೆ ಹೇಳಲು ಕುಳಿತಿದ್ದೇನೆ. ಆ ಹುಳಿ ಉಪ್ಪಿನ ವಾಸನೆ ಮೂಗಿಗೆ ಬಡಿದರೆ ನನಗೆ ಕುರಿ ನೆನಪಾಗುತ್ತವೆ.

ನಗಬೇಡಿ. ಇಪ್ಪತ್ತು ವರ್ಷಗಳ ಹಿಂದೆ, ಆಗಷ್ಟೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ತಲೆಗೆ ಹೊಸ ರುಮಾಲು ಸುತ್ತಿಕೊಂಡು ಪಟ್ಟದಕಲ್ಲಿನ ಆಚೆಗೆ ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿಗೆ ಮಾಸ್ತರನಾಗಿ ಹೋದೆ. ಸಾಲಿ ಎಂದರೆ ಒಂದೇ ಕೋಣೆ, ಮುಂದೊಂದು ಬೇವಿನ ಗಿಡ. ಆ ಊರಿನಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ ಇದ್ದದ್ದರಿಂದ ಉಳಿದದ್ದೆಲ್ಲವನ್ನೂ ಬಲ್ಲೆನೆಂದು ತಿಳಿದುಕೊಂಡಿದ್ದೆ. ಮಳೆ ಯಾವಾಗ ಬರುತ್ತದೆಂದು ಕೇಳಿದರೂ ಉತ್ತರ ಕೊಡುತ್ತಿದ್ದೆ.

ಸಾಲಿಯ ಎದುರು ನೀಲವ್ವನ ಮನೆ. ಗಂಡ ಸತ್ತ ಮೇಲೆ ಹತ್ತೊಂಬತ್ತು ಕುರಿಗಳನ್ನು ಆಕೆಯೇ ನೋಡಿಕೊಂಡಿದ್ದಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ? ವೈಶಾಖದಲ್ಲಿ ಕಲ್ಲು ಮುಟ್ಟಿದರೆ ಕೈ ಸುಡುತ್ತದೆ. ಕುರಿಗಳು ಬಾಯಿ ತೆರೆದು ತೇಕುತ್ತ, ಒಂದರ ಹೊಟ್ಟೆಯ ನೆರಳಿನಲ್ಲಿ ಇನ್ನೊಂದು ತಲೆಯಿಟ್ಟು ನಿಲ್ಲುತ್ತವೆ. ಅದಕ್ಕೆ ನೀಲವ್ವನದೊಂದು ಉಪಾಯವಿತ್ತು. ಒಣನೆಲ್ಲಿಯ ಪುಡಿ, ಉಪ್ಪು, ಹುರಿದ ಹುರುಳಿಯ ಹಿಟ್ಟು, ಕಲಸಲು ಸ್ವಲ್ಪ ಬೆಲ್ಲ. ದಿನಾ ಮಧ್ಯಾಹ್ನಕ್ಕೆ ಮೊದಲು ಕುರಿಗಳನ್ನು ಹೊಳೆಯ ಮಡುವಿಗೆ ಒಯ್ದು, ಹೊಟ್ಟೆ ತುಂಬ ನೀರು ಕುಡಿಸಿ, ಅಲ್ಲೇ ಹಾಸುಗಲ್ಲಿನ ಮೇಲೆ ಕುಳಿತು ಒಂದೊಂದಕ್ಕೂ ಒಂದೊಂದು ಸಣ್ಣ ಉಂಡೆಯನ್ನು ಅಂಗೈಯಲ್ಲಿಟ್ಟು ನೆಕ್ಕಿಸುತ್ತಿದ್ದಳು. ಕುರಿಗಳು ಆಮೇಲೆ ಮೆಲುಕು ಹಾಕುತ್ತ ತಣ್ಣಗೆ ಮಲಗುತ್ತಿದ್ದವು.

ಅವುಗಳಲ್ಲಿ ಹಣೆಯ ಮೇಲೆ ಬಿಳಿ ಮಚ್ಚೆಯ ಒಂದು ಹೆಣ್ಣು ಕುರಿ. ಚಂದ್ರಿ ಎಂದು ಹೆಸರು. ಅದು ನನ್ನ ಧೋತರದ ಚುಂಗನ್ನು ಒಮ್ಮೆ ಅರ್ಧ ತಿಂದಿತ್ತು. ನಾನು ಬೈದರೆ ನೀಲವ್ವ ನಕ್ಕು, “ಸಿಟ್ಟಾಗಬ್ಯಾಡ್ರಿ ಮಾಸ್ತರ, ನನ್ನ ಮಗಳಿಗೆ ಕೂಸು ಹುಟ್ಟಿದ್ರ ಇದನ್ನ ಅದಕ್ಕ ಉಡುಗೊರಿ ಕೊಡಾಕಿ ನಾ. ಕೂಸು, ಕುರಿ ಕೂಡೇ ಬೆಳೀಲಿ” ಎಂದಿದ್ದಳು. ಮಗಳನ್ನು ಹುನಗುಂದದ ಕಡೆಗೆ ಕೊಟ್ಟಿದ್ದಳು. ಮದುವೆಯಾಗಿ ಆರು ವರ್ಷಕ್ಕೆ ಆ ಮಗಳು ಬಸುರಾಗಿದ್ದಳು.

ಆ ಬೇಸಿಗೆಯಲ್ಲಿ, ಊರಿಗೆ ಹೋದರೆ ಮದುವೆಯ ಮಾತು ತೆಗೆಯುತ್ತಾರೆಂದು ಹೆದರಿ ನಾನು ರಜೆಗೂ ಅಲ್ಲೇ ಉಳಿದಿದ್ದೆ. ಮಗಳ ಹೆರಿಗೆಗೆ ನೀಲವ್ವನಿಗೆ ಕರೆ ಬಂತು. ಕುರಿ ಮೇಯಿಸಿ ತಂದು ದೊಡ್ಡಿಗೆ ಬಿಡುವ ಕೆಲಸವನ್ನು ಮೈದುನನಿಗೆ ಒಪ್ಪಿಸಿದಳು. ಆತ ಅಷ್ಟು ಮಾಡಿ ಹೊಲಕ್ಕೆ ಹೋಗಿಬಿಡುವವನು. ಉಂಡೆಯ ಗಡಿಗೆ ಮಾತ್ರ ನನ್ನ ಕೈಗೆ ಬಂತು.

“ಮೊದಲ ನೀರ್ರಿ ಮಾಸ್ತರ, ಆಮ್ಯಾಲ ಉಪ್ಪು. ಹೊಳಿಗೆ ಹೊಡಕೊಂಡು ಹೋಗ್ರಿ, ಚಂದ್ರಿ ಮುಂದ ಹೊಂಟ್ರ ಉಳದಾವು ತಾವೇ ಬರ್ತಾವ. ಒಂದಕ್ಕ ಒಂದೇ ಉಂಡಿ. ಹೆಚ್ಚು ಬ್ಯಾಡ.”

“ಇಷ್ಟು ತಿಳಿಯಂಗಿಲ್ಲೇನಬೇ ನನಗ?” ಎಂದೆ.

ಎರಡು ದಿನ ಹೇಳಿದಂತೆ ಮಾಡಿದೆ. ಮೂರನೆಯ ದಿನ ಬಿಸಿಲು ವಿಪರೀತ. ಮಡುವಿಗೆ ಹೋಗಿ ಬರುವುದು ಅರ್ಧ ಹರದಾರಿ. ಅಂಗಳಕ್ಕೆ ಕಾಲಿಟ್ಟವನು ಹಿಂದಕ್ಕೆ ಸರಿದೆ. ಬಿಸಿಲು ಹೆಚ್ಚಾದರೆ ಔಷಧವನ್ನೂ ಹೆಚ್ಚು ಕೊಟ್ಟರಾಯಿತು ಎಂದು ಲೆಕ್ಕದ ಮಾಸ್ತರನಿಗೆ ಹೊಳೆಯಿತು. ಅರ್ಧ ಗಡಿಗೆಯನ್ನು ದೊಡ್ಡಿಯ ಮರಿಗೆಗೆ ಸುರಿದೆ. ಮುಂದಿದ್ದವು ನೂಕಾಡಿ ನೆಕ್ಕಿದವು. ಚಂದ್ರಿ ಎಲ್ಲಕ್ಕಿಂತ ಮುಂದೆ. ಎಷ್ಟು ಚೆಂದ ತಿನ್ನುತ್ತಿವೆ ಎಂದು ಸಂತೋಷಪಟ್ಟು, ಒಂದು ಕೊಡ ನೀರಿಟ್ಟು, ಬಾಗಿಲು ಹಾಕಿ ಬೇವಿನ ಕೆಳಗೆ ಮಲಗಿದೆ. ಎದ್ದು ನೋಡಿದಾಗ ಕೊಡ ಉರುಳಿ ಬಿದ್ದಿತ್ತು, ನೆಲ ಆಗಲೇ ಒಣಗಿತ್ತು. ಎರಡು ಕುರಿ ಸತ್ತಿದ್ದವು. ಚಂದ್ರಿ ಕುರುಡಿಯ ಹಾಗೆ ಗೋಡೆಗೆ ಹಣೆಯೊತ್ತಿ ನಿಂತಿತ್ತು. ಓಡಿಹೋಗಿ ನೀರು ತಂದೆ, ಕುಡಿಯಲಿಲ್ಲ. ಹೊತ್ತು ಮುಳುಗುವುದರೊಳಗೆ ಅದೂ ಹೋಯಿತು.

ಮರುದಿನವೇ ನೀಲವ್ವ ಚಕ್ಕಡಿಯಿಂದ ಇಳಿಯುತ್ತಲೇ ಕೂಗಿದಳು: “ಮಾಸ್ತರ, ಹೆಣ್ಣು ಹುಟ್ಟೇತ್ರಿ! ಎಲ್ಲಿ ನಮ್ಮ ಚಂದ್ರಿ?”

ಹೇಳಿದೆ. ಆಕೆ ಒಂದೇ ಮಾತು ಕೇಳಿದಳು. “ನೀರು ಕುಡಿಸಿದ್ರಿಲ್ಲರಿ?”

“ಕುಡಿಸಿದ್ದೆ. ನೀ ಹೇಳಿದಂಗ ಮಾಡೇನಿ.”

ಗಡಿಗೆಯಲ್ಲಿ ಎಷ್ಟು ಉಳಿದಿದೆ ಎಂದು ಕೂಡ ಆಕೆ ಬಗ್ಗಿ ನೋಡಲಿಲ್ಲ. ಸಾಲಿ ಮಾಸ್ತರ ಸುಳ್ಳು ಹೇಳುತ್ತಾನೆಂದು ಆಕೆಗೆ ಹೊಳೆಯಲೇ ಇಲ್ಲ. “ಹಂಗಾರ ನನ್ನ ಕೈಯಾಗೇ ವಿಷ ಬಂತು” ಎಂದಳು. ಗಡಿಗೆಯನ್ನು ಒಯ್ದು ಹೊಳೆಗೆ ಎಸೆದು ಬಂದಳು.

ಕೈತಪ್ಪು ಯಾರಿಗಿಲ್ಲ? ಅದನ್ನು ನಾನೇ ನನಗೆ ಕ್ಷಮಿಸಿಕೊಂಡೇನು. ಮುಂದಿನ ಬೇಸಿಗೆಯನ್ನು ಕ್ಷಮಿಸಿಕೊಳ್ಳಲಾರೆ. ಹದಿನಾರು ಕುರಿ ನನ್ನ ಕಣ್ಣೆದುರು ತೇಕುತ್ತಿದ್ದವು. ಊರವರು, “ನಿನ್ನ ಉಂಡಿ ಮಾಡಿ ಕೊಡಬೇ” ಎಂದು ಹೇಳಿ ಸಾಕಾದರು. “ಬ್ಯಾಡ್ರೆಪಾ, ನನ್ನ ಕೈ ಚಲೋ ಅಲ್ಲ” ಎನ್ನುತ್ತಿದ್ದಳು. ನಾನು ಸಾಲಿಯ ಕಿಟಕಿಯಲ್ಲಿ ಕುಳಿತು ಹುಡುಗರಿಂದ ಮಗ್ಗಿ ಹೇಳಿಸುತ್ತಿದ್ದೆ. ರಸ್ತೆ ದಾಟಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಳೆ ಹೇಳಿದರಾಯಿತೆಂದು ದಿನ ದೂಡಿದೆ. ಅಷ್ಟರಲ್ಲಿ ಐದು ಸತ್ತವು.

ಉಳಿದವನ್ನು ಮಾರಿ ನೀಲವ್ವ ಮಗಳ ಮನೆಗೆ ಹೊರಟಳು. ಚಕ್ಕಡಿಯಲ್ಲಿ ಕುಳಿತು ನನಗೆ ಕೈ ಮುಗಿದಳು. “ಭಾಳ ಉಪಕಾರ ಆತ್ರಿ ಮಾಸ್ತರ. ನನ್ನ ಚಂದ್ರಿ ಜೀವ ಬಿಡೂಮುಂದ ನೀವಾದ್ರೂ ಹತ್ರ ಇದ್ರಿ.” ನಾನೂ ಕೈ ಮುಗಿದೆ.

ನಿನ್ನೆ ಮಧ್ಯಾಹ್ನ ಇಲ್ಲಿ ಬಾಗಲಕೋಟೆಯಲ್ಲಿ, ನಮ್ಮ ಹಿತ್ತಲ ಬಯಲಿನಲ್ಲಿ ವಲಸೆಯ ಕುರಿಹಿಂಡೊಂದು ನಿಂತಿತ್ತು. ಅದೇ ತೇಕು. ಏನನ್ನಿಸಿತೋ, ಮಾಳಿಗೆ ಹತ್ತಿ ಉಪ್ಪುನೆಲ್ಲಿ ತಂದು ನಾನೇ ಕುಟ್ಟಿದೆ. ನಮ್ಮಾಕೆ ನನ್ನ ಮೊಣಕಾಲನ್ನೇ ನೋಡುತ್ತಿದ್ದಳು. ಹಿಟ್ಟು ಬೆಲ್ಲ ಕಲಸಿ ತಟ್ಟೆ ಹಿಡಿದು ಹೋಗಿ ಕುರಿ ಕಾಯುವ ಹೆಣ್ಣುಮಗಳಿಗೆ ಹೇಳಿದೆ: “ಮೊದಲ ನಮ್ಮ ಬಾವಿ ನೀರು ಕುಡಿಸವಾ. ಆಮ್ಯಾಲ ಇದು, ಒಂದಕ್ಕ ಒಂದೇ.”

“ಯಾರು ಕಲಿಸ್ಯಾರ್ರಿ ನಿಮಗ?”

“ನೀಲವ್ವ ಅಂತ ಇದ್ಲು. ಆಕಿ ಕೈ ಭಾಳ ಚಲೋ ಇತ್ತು. ನಾ ನೀರು ಕುಡಿಸದ ಉಪ್ಪು ತಿನ್ನಿಸಿ ಆಕಿ ಕುರಿ ಕೊಂದೆ. ಆಕಿ ತಾನೇ ಕೊಂದೆ ಅಂತ ತಿಳಕೊಂಡ್ಲು.”

ಇಪ್ಪತ್ತು ವರ್ಷಕ್ಕೆ ಆ ಮಾತು ಬಾಯಿಂದ ಹೊರಬಿತ್ತು.

“ಆಕಿ ಈಗ ಅದಾಳೇನ್ರಿ?”

“ಇಲ್ಲ. ಹ್ವಾದ ವರ್ಷ ತೀರಿಕೊಂಡ್ಲಂತ.”

“ಹಂಗಾರ ನನ್ನ ಮುಂದ ಹೇಳಿ ಏನ್ ಬಂತ್ರಿ, ಅಣ್ಣಾರ?” ಎಂದಳು. ಸಿಟ್ಟಿನಿಂದಲ್ಲ. ಕೊಡ ಎತ್ತಿಕೊಂಡು ಬಾವಿಯ ಕಡೆಗೆ ನಡೆದಳು.

ಅಷ್ಟೂ ಕುರಿಗಳು ನೀರು ಕುಡಿದು ಮುಗಿಸುವವರೆಗೆ ನಾನು ತಟ್ಟೆ ಹಿಡಿದು ಬಿಸಿಲಿನಲ್ಲೇ ನಿಂತಿದ್ದೆ.