ಬ್ರೆಡ್ಡಮ್ಮ ನೋಡಿದ ಧಾರಾವಾಹಿ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರಿಗೂ ಅವಳು ಬ್ರೆಡ್ಡಮ್ಮ. ಬೀದಿಯ ತಿರುವಿನಲ್ಲಿ ಅವಳ ಬೇಕರಿ. ಮುಂದೆ ಗಾಜಿನ ಕಪಾಟು, ಹಿಂದೆ ಭಟ್ಟಿ, ಭಟ್ಟಿಯ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಕೆಳಗಿನ ಕಾವು ಮೇಲಿನ ನೆಲಕ್ಕೂ ಹತ್ತುತ್ತಿದ್ದುದರಿಂದ ಚಳಿಗಾಲದಲ್ಲೂ ಆ ಮನೆಯವರು ಬರಿಗಾಲಲ್ಲಿ ಓಡಾಡುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ಕಾದ ಹಂಚಿನ ಮೇಲೆ ಕುಣಿದ ಹಾಗಾಗುತ್ತಿತ್ತು.

ಎತ್ತರದ ಆಳು, ಅದಕ್ಕೆ ತಕ್ಕ ದನಿ. ಕುತ್ತಿಗೆಯ ಬುಡದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಳೆಯ ಶಸ್ತ್ರಚಿಕಿತ್ಸೆಯ ಗೆರೆ. ಅದನ್ನು ಮುಚ್ಚಿಕೊಳ್ಳಲು ಅವಳು ಯಾವತ್ತೂ ಬಟ್ಟೆ ಸುತ್ತಿಕೊಂಡವಳಲ್ಲ. ಹೊಸ ಗಿರಾಕಿ ಯಾರಾದರೂ ಅದನ್ನೇ ನೋಡುತ್ತ ನಿಂತರೆ, "ಬನ್ನು ಈ ಕಡೆ ಇದೆ, ನೋಡಿ" ಎಂದು ಕಪಾಟಿನತ್ತ ಕೈ ತೋರಿಸುತ್ತಿದ್ದಳು.

ಅವಳು ಅಣುಸ್ಥಾವರದ ಊರಿನವಳು. ಸ್ಥಾವರ ಸಿಡಿದಾಗ ಮದುವೆಯಾಗಿ ವರ್ಷವಾಗಿರಲಿಲ್ಲ, ಹೊಟ್ಟೆಯಲ್ಲಿ ಮಗು. ಗಂಡ ಸ್ಥಾವರದ ನೌಕರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಆ ದಿನ ಅದೇ ಬಸ್ಸಿನಲ್ಲಿ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಇಡೀ ಬೀದಿಯನ್ನೇ ತುಂಬಿಕೊಂಡು ಹೊರಟ. ವಾರದೊಳಗೆ ವಾಪಸು ಬರುತ್ತೀರಿ ಎಂದಿದ್ದರು ಅಧಿಕಾರಿಗಳು. ಆ ವಾರ ಇನ್ನೂ ಮುಗಿದಿಲ್ಲ.

ಹೊಸ ಊರಿಗೆ ಬಂದು ಬೇಕರಿ ತೆರೆದಾಗ ಅವಳ ಕೈಯ ಬ್ರೆಡ್ಡನ್ನು ಯಾರೂ ಮುಟ್ಟಲಿಲ್ಲ. ವಿಕಿರಣ ಹಿಟ್ಟಿನಲ್ಲಿ ಬೆರೆತು ಬರುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಅವಳು ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹೋಗಿಬರುವವರ ಎದುರಿಗೇ ಬಿಸಿ ಬ್ರೆಡ್ಡು ಮುರಿದು ತಿನ್ನುತ್ತ ಕೂತಳು. ಮಗಳು ನಡೆಯುವಂತಾದಾಗ ಅವಳಿಗೂ ಒಂದು ತುಂಡು. ಆ ಕೂಸಿನ ಕೆನ್ನೆ ನೋಡಿಯೇ ಎದುರಿನ ಕ್ಷೌರದಂಗಡಿಯವನ ಹೆಂಡತಿ ಮೊದಲ ಬ್ರೆಡ್ಡು ಕೊಂಡಳು. ಆಮೇಲೆ ಬೀದಿ ಅದನ್ನೆಲ್ಲ ಮರೆಯಿತು. ಮರೆತಿದೆ ಎಂದು ಬ್ರೆಡ್ಡಮ್ಮ ಅಂದುಕೊಂಡಿದ್ದಳು.

ಮಗಳ ಮದುವೆ ಗೊತ್ತಾದ ಸಮಯದಲ್ಲೇ ಟೀವಿಯಲ್ಲಿ ಆ ಧಾರಾವಾಹಿ ಶುರುವಾಯಿತು. ಅಣುಸ್ಥಾವರ ಸಿಡಿದ ಮೇಲೆ ಒಂದು ಊರಿನ ಜನ ಏನಾದರು ಎಂಬ ಕಥೆ. ಊರಿಗೆ ಬೇರೆ ಹೆಸರಿಟ್ಟಿದ್ದರು. ಆದರೆ ಯಾವ ಊರು ಎಂದು ಎಲ್ಲರಿಗೂ ಗೊತ್ತಿತ್ತು. ಭಾನುವಾರ ಸಂಜೆ ಬೀದಿಗೆ ಬೀದಿಯೇ ಟೀವಿ ಮುಂದೆ ಕೂರುತ್ತಿತ್ತು.

ಮೊದಲ ಭಾಗ ನೋಡುವಾಗಲೇ ಬ್ರೆಡ್ಡಮ್ಮನ ಮೈ ಉರಿಯಿತು.

"ಏನ್ರೀ, ನಮ್ಮೂರಿನ ಆಕಾಶ ಯಾವಾಗ ಈ ಬಣ್ಣಕ್ಕಿತ್ತು? ಪಾತ್ರೆ ತೊಳೆದ ನೀರಿನ ಹಾಗೆ?"

"ಧಾರಾವಾಹಿ ಕಣೇ. ಬಣ್ಣ ತೆಗೆದರೇನೇ ಜನ ಅಳೋದು," ಎಂದ ಗಂಡ.

"ಅವತ್ತು ಎಂಥ ಬಿಸಿಲಿತ್ತು. ಬಟ್ಟೆ ಒಣಗೋಕೆ ಹಾಕಿದ್ದೆ ನಾನು."

ಪರದೆಯ ಮೇಲೆ ಜನ ತಲೆ ತಗ್ಗಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಬಸ್ಸು ಹತ್ತುತ್ತಿದ್ದರು. ಅವರ ಬಸ್ಸಿನಲ್ಲಿ ಹಾಗಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಗೋಡೆಯ ಗಡಿಯಾರವನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಹಲ್ಲಿನ ಸೆಟ್ಟನ್ನು ಮಾತ್ರ ಲೋಟದಲ್ಲೇ ಮರೆತಿದ್ದಳು. ಊರು ದಾಟಿದ ಮೇಲೆ ಬೊಚ್ಚುಬಾಯಲ್ಲಿ, "ಗಂಟೆ ಎಷ್ಟಾಯ್ತು ಅಂತೇನೋ ಗೊತ್ತಾಗುತ್ತೆ, ಊಟ ಹೇಗೆ ಮಾಡಲಿ?" ಎಂದಾಗ ಇಡೀ ಬಸ್ಸು ನಕ್ಕಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನವರು ವಾಂತಿ ಮಾಡಿಕೊಳ್ಳಲು ಶುರು ಮಾಡಿದರು. ಬ್ರೆಡ್ಡಮ್ಮನಿಗೆ ಎರಡೂ ನೆನಪಿದ್ದವು. ಟೀವಿಯವರಿಗೆ ಎರಡನೆಯದಷ್ಟೇ ಬೇಕಾಗಿತ್ತು.

ಮೂರನೆಯ ಭಾಗದಲ್ಲಿ ಒಬ್ಬ ಗರ್ಭಿಣಿ ಬಂದಳು. ಅವಳಿಗೆ ಹುಟ್ಟಿದ ಮಗು ಅಳಲೇ ಇಲ್ಲ. ಅದನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಒಯ್ದರು. ತಾಯಿ ಕಿಟಕಿಯ ಬಳಿ ಕೂತಳು, ಭಾಗ ಮುಗಿಯುವವರೆಗೆ ಕೂತೇ ಇದ್ದಳು.

ಮಗಳು ಪಕ್ಕದಲ್ಲೇ ಇದ್ದಳು. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಅಗಲ ಹೆಗಲಿನ ಹುಡುಗಿ. "ಅಮ್ಮ, ಅದು ನಾನೇನಾ?" ಎಂದಳು.

"ನೀನು ಅದರಲ್ಲಿ ಎಲ್ಲಿದ್ದೀಯ? ನೀನು ಹುಟ್ಟಿದಾಗ ಅತ್ತ ರಭಸಕ್ಕೆ ಆಸ್ಪತ್ರೆಯ ಕಿಟಕಿ ಗಾಜು ಅದುರಿತ್ತು."

ಅಂದಳೇನೋ ಸರಿ. ಆದರೆ ಆ ಹೊತ್ತು ಅವಳ ಕಣ್ಣ ಮುಂದೆ ಒಂದು ಶಾಲೆಯ ಪಡಸಾಲೆ ಬಂದು ನಿಂತಿತ್ತು. ಊರು ಬಿಟ್ಟವರನ್ನು ಇಳಿಸಿದ್ದು ಆ ಶಾಲೆಯಲ್ಲಿ. ಬಸುರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಸಾಲಿನ ತುದಿಯಲ್ಲಿ ಒಬ್ಬ ಡಾಕ್ಟರು. "ಈ ಸಲದ್ದು ಬೇಡಮ್ಮ, ತೆಗೆದುಬಿಡೋಣ. ಮುಂದೆ ನೋಡೋಣ," ಎಂದು ಪ್ರತಿಯೊಬ್ಬಳಿಗೂ ಅದೇ ಮಾತು.

ಅವಳು ಕೇಳಿದ್ದಳು: "ಇದು ಚೆನ್ನಾಗಿ ಹುಟ್ಟಲ್ಲ ಅಂತ ನಿಮಗೆ ಗೊತ್ತಾ?"

ಆತ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ," ಎಂದ. ನಿದ್ದೆಗೆಟ್ಟು ಅವನ ಕಣ್ಣೂ ಕೆಂಪಾಗಿತ್ತು.

"ನನಗೂ ಗೊತ್ತಿಲ್ಲ. ಇಬ್ಬರಿಗೂ ಗೊತ್ತಿಲ್ಲದ ಮೇಲೆ, ಹೊಟ್ಟೆ ನಂದು," ಎಂದು ಸಾಲು ಬಿಟ್ಟು ಹೊರಗೆ ಬಂದುಬಿಟ್ಟಿದ್ದಳು. ಅವಳ ಹಿಂದೆ ನಿಂತಿದ್ದ ವಾರಗಿತ್ತಿ ಸಾಲು ಬಿಡಲಿಲ್ಲ. ಅದಕ್ಕಾಗಿ ಬ್ರೆಡ್ಡಮ್ಮ ಅವಳನ್ನು ಒಂದು ದಿನವೂ ಆಡಿಕೊಂಡವಳಲ್ಲ. ಆ ರಾತ್ರಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗು ಮಾಡಿದವಳು ಇವಳೇ. ಮೈದುನ ಕೆಲವೇ ವರ್ಷಗಳಲ್ಲಿ ರಕ್ತದ ಕಾಯಿಲೆಯಿಂದ ಹೋದ. ಇವಳ ಗಂಟಲಿನ ಗಂಟು ತೆಗೆದರು. ಮಗಳು ಬೆಳೆದಳು. ಯಾರಿಗೆ ಏನು ಬಂತು, ಯಾಕೆ ಬಂತು ಎಂದು ಹೇಳುವವರು ಯಾರೂ ಇರಲಿಲ್ಲ.

ಮೂರನೆಯ ಭಾಗ ಬಂದ ಮಾರನೆಯ ಬೆಳಿಗ್ಗೆ ಕಪಾಟಿನಲ್ಲಿ ಬ್ರೆಡ್ಡು ಹಾಗೇ ಉಳಿಯಿತು. ಬಾಗಿಲವರೆಗೆ ಬಂದವರು ಏನೋ ನೆನಪಾದವರಂತೆ ತಿರುಗಿ ಹೋದರು. ಕ್ಷೌರದಂಗಡಿಯವನ ಹೆಂಡತಿ ಮಾತ್ರ ಎಂದಿನಂತೆ ಬಂದಳು. ಚೀಲಕ್ಕೆ ಬನ್ನು ಹಾಕಿಸಿಕೊಳ್ಳುತ್ತ ಮೆಲ್ಲಗೆ, "ಬ್ರೆಡ್ಡಮ್ಮ, ಅದರಲ್ಲಿ ತೋರಿಸಿದ್ದೆಲ್ಲ ನಿಜವಾ?" ಎಂದಳು.

"ಅರ್ಧ ನಿಜ."

"ಉಳಿದರ್ಧ?"

"ಉಳಿದರ್ಧ ಇಲ್ಲಿ ನಿಂತು ನಿಮಗೆ ಚಿಲ್ಲರೆ ಕೊಡ್ತಿದೆ."

ಮಧ್ಯಾಹ್ನ ಬೀಗಿತ್ತಿಯ ಫೋನ್ ಬಂತು. ಆಕೆಯದು ಕನ್ನಡಕದ ಅಂಗಡಿ. ಗಂಡ ಹೋದ ಮೇಲೆ ಒಬ್ಬಳೇ ಅಂಗಡಿ ನಡೆಸಿ ಮಗನನ್ನು ಸಾಕಿದವಳು. ಆ ಮಗ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಬೀಗಿತ್ತಿ ಮೊದಲು ಹವೆಯ ಬಗ್ಗೆ ಕೇಳಿದಳು, ಆಮೇಲೆ ಮಂಡಿನೋವಿನ ಬಗ್ಗೆ.

"ಮದುವೇನ ಸ್ವಲ್ಪ ಮುಂದಕ್ಕೆ ಹಾಕೋಣವಾ ಅಂತ ನೋಡ್ತಿದ್ದೆ," ಎಂದಳು ಕೊನೆಗೆ.

"ಯಾಕೆ?"

"ಯಾಕೂ ಇಲ್ಲ. ಹುಡುಗೀಗೆ ಒಂದು ಪರೀಕ್ಷೆ ಮಾಡಿಸಿಬಿಟ್ಟರೆ ಎಲ್ಲರಿಗೂ ನೆಮ್ಮದಿ. ತಪ್ಪು ತಿಳ್ಕೋಬೇಡಿ."

"ಯಾವ ಡಾಕ್ಟರು ಹೇಳಿದರು ಮಾಡಿಸೋಕೆ?"

ಬೀಗಿತ್ತಿ ಮತ್ತೆ ಮಂಡಿನೋವಿನ ಮಾತು ತೆಗೆದಳು. ಅವಳ ಮನೆಯಲ್ಲೂ ಭಾನುವಾರ ಟೀವಿ ಹಾಕಿದ್ದರು ಎಂದು ಬ್ರೆಡ್ಡಮ್ಮನಿಗೆ ಅರ್ಥವಾಯಿತು.

ಆ ವಾರವಿಡೀ ಅವಳು ಹಿಟ್ಟನ್ನು ನಾದಿದ್ದು ನೋಡಿದರೆ ಹಿಟ್ಟೇ ತಪ್ಪು ಮಾಡಿದ ಹಾಗಿತ್ತು. ಮಾರಾಟವಾಗದಿದ್ದರೂ ಬ್ರೆಡ್ಡು ಮಾಡುವುದನ್ನು ಕಡಿಮೆ ಮಾಡಲಿಲ್ಲ. "ಇಷ್ಟೊಂದು ಯಾಕೆ ಮಾಡ್ತೀಯ?" ಎಂದು ಗಂಡ ಕೇಳಿದರೆ, "ನನ್ನ ಭಟ್ಟಿ ಎಷ್ಟು ಉರೀಬೇಕು ಅಂತ ಟೀವಿಯವರನ್ನ ಕೇಳ್ಬೇಕಾ?" ಎಂದಳು. ಉಳಿದದ್ದನ್ನು ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದವರಿಗೆ ಹಂಚಿ ಬಂದಳು. ಹಸಿದವರು ಅವಳ ಊರು ಯಾವುದೆಂದು ಕೇಳಲಿಲ್ಲ.

ಧಾರಾವಾಹಿಯ ಕೊನೆಯ ಭಾಗ ಬರುವ ಭಾನುವಾರ ಅವಳು ಸೀರೆ ಬದಲಾಯಿಸಿಕೊಂಡು ಸಿದ್ಧಳಾದಳು.

"ನಡೀರಿ, ಬೀಗರ ಮನೇಲಿ ನೋಡೋಣ."

"ಅವರು ಕರೆದಿಲ್ಲವಲ್ಲೇ," ಎಂದ ಗಂಡ.

"ಧಾರಾವಾಹೀನೂ ಯಾರೂ ಕರೆದಿರಲಿಲ್ಲ. ಅದು ಅವರ ಮನೆಯೊಳಗೆ ಹೋಗಿ ಕೂತಿಲ್ವಾ?"

ಮೂವರೂ ಹೋದರು. ಬಾಗಿಲು ತೆರೆದ ಬೀಗಿತ್ತಿಯ ಮುಖ ಬಿಳುಚಿತು. ಆದರೂ ಒಳಗೆ ಕರೆದಳು, ಕುರ್ಚಿ ಎಳೆದು ಹಾಕಿದಳು. ಅಳಿಯನಾಗಬೇಕಾದವನು ಎದ್ದು ನಿಂತು ಮತ್ತೆ ಕೂತ. ಟೀವಿ ಆಗಲೇ ನಡೆಯುತ್ತಿತ್ತು. ಐದು ಜನ ಒಂದೇ ಸಾಲಿನಲ್ಲಿ, ದಂತವೈದ್ಯರ ಬಾಗಿಲಲ್ಲಿ ಕೂತವರ ಹಾಗೆ ಕೂತು ನೋಡಿದರು.

ಕೊನೆಯ ಭಾಗದಲ್ಲಿ ಏನೂ ನಡೆಯಲಿಲ್ಲ. ಪಾಳುಬಿದ್ದ ಊರು, ತೆರೆದ ಬಾಗಿಲುಗಳು, ಯಾವುದೋ ಕೋಣೆಯಲ್ಲಿ ಗೋಡೆ ನೋಡುತ್ತ ಕೂತ ಹೆಂಗಸು. ಗಂಭೀರ ದನಿಯೊಂದು ಹೇಳಿತು: "ಊರು ಬಿಟ್ಟವರು ಮತ್ತೆ ಬದುಕಲಿಲ್ಲ. ಅವರು ಬದುಕಿಯೂ ಸತ್ತವರು."

ಬ್ರೆಡ್ಡಮ್ಮ ಎದ್ದು ಟೀವಿಯ ದನಿ ಅಡಗಿಸಿದಳು.

"ಬೀಗಿತ್ತಿಯವರೇ, ಆ ಸತ್ತವಳು ನಾನು. ಈಗ ಹೇಳಿ, ಏನು ಕೇಳ್ಬೇಕು ಅಂತಿದ್ದೀರಿ?"

ಬೀಗಿತ್ತಿ ಸೆರಗಿನ ತುದಿಯಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. "ನೀವು ಗಟ್ಟಿ ಹೆಂಗಸು," ಎಂದಳು ಆಮೇಲೆ. "ನಾನಲ್ಲ. ಇವನೊಬ್ಬನನ್ನ ಇಟ್ಕೊಂಡು ಬದುಕಿದವಳು. ನಾಳೆ ಮಗು ಹುಟ್ಟಿ ಹಾಗೇನಾದರೂ ಆದರೆ ನನಗೆ ತಡ್ಕೊಳ್ಳೋಕೆ ಆಗಲ್ಲ."

"ಆಗಬಹುದು," ಎಂದಳು ಬ್ರೆಡ್ಡಮ್ಮ. "ಆಗಲ್ಲ ಅಂತ ನಾನು ಆಣೆ ಹಾಕಲ್ಲ. ನನ್ನ ಗಂಟಲು ಕುಯ್ದಿದ್ದಾರೆ, ಮೈದುನ ಹೋದ, ವಾರಗಿತ್ತಿಗೆ ಆಮೇಲೆ ಮಕ್ಕಳಾಗಲಿಲ್ಲ. ಒಂದನ್ನೂ ಮುಚ್ಚಿಡಲಿಲ್ಲ, ಮೊದಲ ದಿನವೇ ನಿಮ್ಮ ಮುಂದೆ ಹೇಳಿದ್ದೆ. ಅವತ್ತು ನೀವು, ಪಾಪ ಎಷ್ಟು ಕಷ್ಟಪಟ್ಟಿದ್ದೀರಿ ಅಂದಿರಿ. ನಾವು ಬದಲಾಗಿಲ್ಲ. ಟೀವಿ ಬಂತು, ನೀವು ಬದಲಾದಿರಿ. ಯಾವ ತಾಯಿ ಗ್ಯಾರಂಟಿ ಇಟ್ಕೊಂಡು ಹೆರ್ತಾಳೆ? ನೀವು ಹೆತ್ತಿರಾ?"

ಬೀಗಿತ್ತಿಯ ಕಣ್ಣು ತುಂಬಿತು. ಬ್ರೆಡ್ಡಮ್ಮನ ಗಂಡ ಅವಳ ತೋಳು ಮುಟ್ಟಿದ. ಸಾಕು ಎಂಬುದಕ್ಕೆ ಅವನು ಅಷ್ಟೇ ಮಾಡುತ್ತಿದ್ದುದು.

ಆಗ ಮಗಳು ಬಾಯಿ ತೆರೆದಳು. "ಅತ್ತೆ, ಪರೀಕ್ಷೆಗೆ ನಾನು ತಯಾರು. ಇವನೂ ಬರಲಿ. ದಿನಾ ಲಿಫ್ಟಿನ ಗುಂಡಿಯೊಳಗೆ ಇಳಿದು ಎಣ್ಣೆ, ಧೂಳು ಕುಡಿಯೋನು. ನಾನು ಯಾರನ್ನ ಕಟ್ಕೊಳ್ತಿದ್ದೀನಿ ಅಂತ ನನಗೂ ತಿಳೀಲಿ." ಅವನತ್ತ ತಿರುಗಿದಳು. "ನಿನಗೇನು ಅನ್ನಿಸುತ್ತೆ? ನಿಮ್ಮಮ್ಮನಿಗಲ್ಲ, ನಿನಗೆ."

ಅವನು ಕಾರ್ಪೆಟ್ಟಿನ ಚಿತ್ತಾರವನ್ನೇ ನೋಡುತ್ತ ಹೇಳಿದ: "ಮೂರನೇ ಭಾಗ ನೋಡಿ ಭಯ ಆಯ್ತು. ಅದಕ್ಕೇ ಈ ವಾರ ಫೋನ್ ಮಾಡಲಿಲ್ಲ."

"ಈಗ?"

"ಈಗಲೂ ಇದೆ. ಆದರೆ ಮದುವೆ ಮುಂದಕ್ಕೆ ಹಾಕೋದು ಬೇಡ."

"ಹಾಕೋಣ," ಎಂದಳು ಮಗಳು. "ನಿಮ್ಮಮ್ಮ ಅಂದರು ಅಂತಲ್ಲ, ನಾನು ಹಾಕ್ತಿದ್ದೀನಿ. ಭಯ ಆಗೋದು ತಪ್ಪಲ್ಲ. ಭಯ ಆದಾಗ ನನಗೆ ಹೇಳದೆ ಕೂರೋದು ತಪ್ಪು. ಅದನ್ನ ಕಲಿತ ಮೇಲೆ ಬಾ."

ಇಂಥದ್ದಕ್ಕೆ ಬ್ರೆಡ್ಡಮ್ಮ ಬಂದಿರಲಿಲ್ಲ. ಬೀದಿಗೆ ಇಳಿದ ಮೇಲೆ, "ಗಟ್ಟಿಮಾಡಿಸೋಕೆ ಬಂದರೆ ನೀನೇ ಮುರಿದು ಬಂದೆಯಲ್ಲೇ," ಎಂದು ಗದರಿಸಿದಳು. ಗಂಡ ಹಿಂದಿನಿಂದ, "ನೂಲಿನಂತೆ ಸೀರೆ..." ಎಂದು ಶುರು ಮಾಡಿದ. "ನೀವು ಸುಮ್ಮನೆ ನಡೀರಿ," ಎಂದಳು. ಅರ್ಧ ದಾರಿಯಲ್ಲಿ ಅವಳೇ ಮಗಳ ಕೈ ಹಿಡಿದುಕೊಂಡಳು.

ಧಾರಾವಾಹಿ ಮುಗಿಯಿತು. ಅದರ ಜಾಗಕ್ಕೆ ಹಾಡಿನ ಸ್ಪರ್ಧೆ ಬಂತು. ಬೀದಿಯವರು ಒಬ್ಬೊಬ್ಬರಾಗಿ ಬ್ರೆಡ್ಡಿಗೆ ಬಂದರು. ಬಂದವರನ್ನು ಬ್ರೆಡ್ಡಮ್ಮ ಸುಮ್ಮನೆ ಬಿಡಲಿಲ್ಲ. "ಊರಿಗೆ ಹೋಗಿದ್ರಾ? ಕಾಣಲೇ ಇಲ್ಲ," ಎಂದು ಪ್ರತಿಯೊಬ್ಬರನ್ನೂ ಕೇಳಿದಳು. ಉತ್ತರ ಬರುವವರೆಗೆ ಪೊಟ್ಟಣ ಕೈಬಿಡಲಿಲ್ಲ.

ಮಗಳಿಗೆ ಹೊತ್ತಲ್ಲದ ಹೊತ್ತಿಗೆ ಹುಡುಗನ ಫೋನ್ ಬರತೊಡಗಿತು. ಲಿಫ್ಟಿನ ತಂತಿ ಜಾರಿ ಬೆದರಿದ ದಿನ, ಅಮ್ಮನ ರಕ್ತದೊತ್ತಡ ಏರಿದ ದಿನ, ಸುಮ್ಮಸುಮ್ಮನೆ ಎದೆ ಭಾರವಾದ ದಿನ. "ನೀನು ಕಲಿಸಿದ್ದು ಜಾಸ್ತಿಯಾಯ್ತು," ಎಂದು ಬ್ರೆಡ್ಡಮ್ಮ ಗೊಣಗಿದಳು. ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ಸದ್ಯಕ್ಕೆ ಎಲ್ಲ ಸರಿಯಿದೆ, ಮುಂದಿನದನ್ನು ಯಾರೂ ಹೇಳಲಾರರು ಎಂದರು ಡಾಕ್ಟರು. "ಇಷ್ಟು ಹೇಳೋಕೆ ಅಷ್ಟೊಂದು ರಕ್ತ ಯಾಕೆ ಬೇಕಿತ್ತು?" ಎಂದು ಸಿಡುಕಿದವಳು ಬೀಗಿತ್ತಿಯೇ.

ಚಳಿಗಾಲ ಕಳೆದ ಮೇಲೆ ಮದುವೆಯಾಯಿತು. ಬ್ರೆಡ್ಡಮ್ಮ ಹಳೆಯ ಊರಿನವರನ್ನು ಎಲ್ಲೆಲ್ಲಿಂದಲೋ ಹುಡುಕಿ ಕರೆಸಿದ್ದಳು. ವಾರಗಿತ್ತಿ ಬಂದಳು. ಕೋಲೂರಿಕೊಂಡು ಬಂದವರಿದ್ದರು, ಊಟಕ್ಕೆ ಮೊದಲು ಹಿಡಿ ಮಾತ್ರೆ ನುಂಗುವವರಿದ್ದರು, ಕುತ್ತಿಗೆಯಲ್ಲಿ ಅವಳದೇ ಥರದ ಗೆರೆಯಿದ್ದವರಿದ್ದರು. ಒಂದೇ ಮೂಲೆಯಲ್ಲಿ ಸೇರಿಕೊಂಡು ಅವರು ಎಬ್ಬಿಸಿದ ಗದ್ದಲಕ್ಕೆ ಹಾಡುವವರ ಹಾಡೇ ಕೇಳಿಸಲಿಲ್ಲ.

"ಇವರೆಲ್ಲ ಅಲ್ಲಿಯವರೇನಾ?" ಎಂದು ಬೀಗಿತ್ತಿ ಕೇಳಿದಳು.

"ಅಲ್ಲಿಯವರೇ. ಬದುಕಿಯೂ ಸತ್ತವರು. ಸ್ವಲ್ಪ ಹೆಚ್ಚು ತಿಂತಾರೆ, ನೋಡ್ಕೊಳ್ಳಿ."

ಬೀಗಿತ್ತಿ ನಗಬೇಕೋ ಬೇಡವೋ ಎಂದು ಒಂದು ಗಳಿಗೆ ನಿಂತು, ಆಮೇಲೆ ಆ ಮೂಲೆಗೆ ತಾನೇ ಬಡಿಸಲು ಹೋದಳು.

ಫೋಟೋದವನು ಹಳೆಯ ಊರಿನವರನ್ನು ಒಟ್ಟಿಗೆ ನಿಲ್ಲಿಸಿ, ಅಲುಗಾಡಬೇಡಿ ಎಂದು ಎಷ್ಟು ಕೇಳಿಕೊಂಡರೂ ಯಾರೂ ಕೇಳಲಿಲ್ಲ. ಯಾರೋ ಏನೋ ಅಂದರು, ಪಕ್ಕದವರು ಅವರ ಬೆನ್ನಿಗೆ ಗುದ್ದಿದರು. ಆ ಚಿತ್ರದಲ್ಲಿ ಅರ್ಧ ಜನರ ಮುಖ ಸರಿಯಾಗಿ ಬಂದಿಲ್ಲ. ಬ್ರೆಡ್ಡಮ್ಮ ಅದಕ್ಕೇ ಗಾಜು ಹಾಕಿಸಿ ಬೇಕರಿಯ ಗೋಡೆಗೆ ತೂಗುಹಾಕಿದ್ದಾಳೆ.