ಸೊಂಡಿಲಿಗೇ ನಿಂತ ಗಣಪತಿ

ದೊಡ್ಡಬಳ್ಳಾಪುರದಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಯ ಒಳಕೋಣೆಯಲ್ಲಿ ನಾನು ಮತ್ತು ಒಂದು ಹಳೇ ಕಂಪ್ಯೂಟರ್ ಇಬ್ಬರೇ ಇರುತ್ತಿದ್ದೆವು. ಧೂಳು ಬಿದ್ದರೆ ಅದು ಇನ್ನೂ ನಿಧಾನವಾಗುತ್ತದೆಂದು ಅಂಗಡಿಯ ಯಜಮಾನರು ಕಿಟಕಿ ಮುಚ್ಚಿಸಿ, ಚಪ್ಪಲಿಯನ್ನೂ ಹೊರಗೇ ಬಿಡಿಸುತ್ತಿದ್ದರು. ಪತ್ರಿಕೆಯ ಗಣಪತಿ ಪರದೆಯ ಮೇಲೆ ಕಿರೀಟದಿಂದ ಶುರುವಾಗಿ ಗೆರೆ ಗೆರೆಯಾಗಿ ಇಳಿಯುತ್ತಿದ್ದ. ಅವನು ಪೂರ್ತಿ ಬರದೆ ನನ್ನ ಕೆಲಸ ಮುಗಿಯುತ್ತಿರಲಿಲ್ಲ. ಐದೂವರೆ ಬಸ್ಸು ತಪ್ಪಿದರೆ, ಪಕ್ಕದ ಮನೆಯಲ್ಲಿ ಬಿಟ್ಟುಬಂದ ಮಗಳು ನಾನು ಹೋಗುವಷ್ಟರಲ್ಲಿ ಮಲಗಿಬಿಟ್ಟಿರುತ್ತಿದ್ದಳು.

ಒಂದು ಸಂಜೆ ಬೆಂಗಳೂರಿನಿಂದ ಸಾಫ್ಟ್‌ವೇರ್ ಮಾರುವವನೊಬ್ಬ ಫ್ಲಾಪಿ ಹಿಡಿದು ಬಂದ. ಯಜಮಾನರು ಹಾಕಿಸಿ ನೋಡು ಅಂದರು.

"ಇದನ್ನ ಹಾಕಿದ್ರೆ ಹಳೇ ಮೆಷೀನು ಎರಡರಷ್ಟು ಸ್ಪೀಡಾಗುತ್ತೆ ಮೇಡಂ."

"ಅಷ್ಟೆಲ್ಲ ಬೇಡಪ್ಪ, ನನಗೆ ಬಸ್ಸು ಸಿಕ್ಕರೆ ಸಾಕು."

ಹಾಕಿದ. ಪರದೆಯ ಮೂಲೆಯಲ್ಲಿ ಸ್ಕೂಟರಿನಲ್ಲಿರುವಂಥ ಮೀಟರ್ ಮೂಡಿತು, ಮುಳ್ಳು ಕೊನೆಗೆ ಹೋಗಿ ನಡುಗುತ್ತಿತ್ತು. ನಾನು ಪತ್ರಿಕೆ ತೆರೆದೆ. ಗಣಪತಿ ಸೊಂಡಿಲಿನವರೆಗೆ ಬಂದು ನಿಂತುಬಿಟ್ಟ.

"ಮುಳ್ಳು ಬೆಂಗಳೂರು ಮುಟ್ಟಿತು, ದೇವರು ಇಲ್ಲೇ ಇದಾನಲ್ಲಪ್ಪ."

"ಮೆಮೊರಿ ಕಮ್ಮಿ ಮೇಡಂ. ಈ ಸಾಫ್ಟ್‌ವೇರೂ ಅದರಲ್ಲೇ ಸ್ವಲ್ಪ ತಗೊಳ್ಳುತ್ತೆ."

"ನನ್ನ ಬಾಣಂತನಕ್ಕೆ ಬಂದ ನಮ್ಮತ್ತೆ ಥರ ಅನ್ನು. ಅವರಿಗೂ ನಾನೇ ಬೇಯಿಸಿ ಹಾಕಿದೆ."

ಅವನು ನಗಲಿಲ್ಲ. ಅದನ್ನು ತೆಗೆದು ಕಂಪ್ಯೂಟರನ್ನು ಮತ್ತೆ ಶುರುಮಾಡುವಷ್ಟರಲ್ಲಿ ಬಸ್ಸು ಹೋಗಿತ್ತು.

ಮಲಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದು, ಬೀಗ ತೆಗೆಯುತ್ತಾ ನಡೆದದ್ದನ್ನೆಲ್ಲ ಅವಳಿಗೇ ಹೇಳಿದೆ. ಆ ದಿನ ನನ್ನ ಮಾತನ್ನು ಕೊನೆಯವರೆಗೂ ಕೇಳಿದವಳು ಅವಳೊಬ್ಬಳೇ. ನಿದ್ದೆಯಲ್ಲಿದ್ದಳು, ಪಾಪ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.