ಹಳ್ಳ ಬಂತು

ದೇವದುರ್ಗದಿಂದ ಮಾನ್ವಿ ಕಡೆಗೆ ಹೋಗುವಾಗ ಒಂದು ಹಳ್ಳ ದಾಟಬೇಕು. ಅದರ ಮೇಲೆ ಹಾಯುವ ಉದ್ದನೆಯ ರಸ್ತೆ ಸೇತುವೆಯ ವಿನ್ಯಾಸ ನನ್ನ ಪಾಲಿಗೆ ಬಂದಿತ್ತು. ಸುತ್ತ ಎರೆಭೂಮಿ, ಹತ್ತಿ, ತೊಗರಿ. ಅಷ್ಟು ಸಮನಾದ ಕಡೆ ಏನು ಕಟ್ಟಿದರೂ ಹರದಾರಿ ದೂರಕ್ಕೆ ಅದೊಂದೇ ಕಾಣುತ್ತದೆ. ಅದಕ್ಕೇ ಕಣ್ಣಿಗೆ ಬೀಳದಂತೆ ತೆಳುವಾಗಿ, ತಗ್ಗಾಗಿ ನಕ್ಷೆ ಬರೆದೆ. ಮಣ್ಣಿನ ಬಣ್ಣದ ಕಂಬಗಳು, ಎಲ್ಲವೂ ಒಂದೇ ಆಕಾರ. ರಾಯಚೂರಿನ ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು.

ಹಳ್ಳದ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಜಾಲಹಳ್ಳಿ ಕಡೆಯ ಅಜ್ಜ ಮಾತ್ರ ನಕ್ಕಿದ್ದ.

"ಕಾಣಬಾರದು ಅಂದ್ರ ಕಟ್ಟೋದ್ಯಾಕ ಬೇ ಯವ್ವಾ?"

"ರಸ್ತೆ ಬೇಕಲ್ಲ ಅಜ್ಜಾ."

"ಆತು, ಕಟ್ಟು. ಹೆಗಲ ಮ್ಯಾಗ ಮರಿ ಹೊತ್ಕೊಂಡು ನಾ ಬುಡಕ ಹಾದು ಹೋಗಬೇಕು. ಮರಿ ತಲಿಗಿ ಬಡೀತಂದ್ರ ನಿನ್ನ ಕೇಳ್ತೀನಿ."

ಅವನ ಹೆಗಲ ಮೇಲೆ ಮರಿ ಕೂರಿಸಿ ಟೇಪು ಹಿಡಿದೆ. ಎರಡೂ ತುದಿಗಳ ಎತ್ತರ ಆ ಅಳತೆಯಿಂದಲೇ ಬಂದದ್ದು. ನಡುವಿನದಕ್ಕೆ ನೆರೆಯ ಮಟ್ಟದ ಲೆಕ್ಕವಿತ್ತು. ಹಳ್ಳ ಹೇಗೆ ಬರುತ್ತದೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ.

ಒಂದು ಮಧ್ಯಾಹ್ನ ಒಣ ಹಳ್ಳದ ನಡುವೆ ಕೂತು ಕಂಬದ ಜಾಗಕ್ಕೆ ಗೂಟ ಹೊಡೆಯುತ್ತಿದ್ದೆ. ಚುರುಗುಟ್ಟುವ ಬಿಸಿಲು. ದಂಡೆಯ ಮೇಲಿನಿಂದ ಅಜ್ಜ ಕೂಗಿದ, "ಯವ್ವಾ, ಹಳ್ಳ ಬಂತು."

ನಾನು ಮಂಡ್ಯದ ಕಡೆಯವಳು. ನಮ್ಮಲ್ಲಿ ಊರು ಬಂತು, ಸ್ಟಾಪು ಬಂತು ಎಂದರೆ ನಾವು ಅಲ್ಲಿಗೆ ತಲುಪಿದೆವು ಎಂದು. ಇಲ್ಲಿ ಹಳ್ಳ ಬರುವುದೆಂದರೆ ನೀರು ಬರುವುದು. ಎಲ್ಲೋ ಮೇಲೆ ಮಳೆಯಾಗಿರುತ್ತದೆ, ಇಲ್ಲಿ ಬಿಸಿಲಲ್ಲೇ ನೆರೆ ನುಗ್ಗುತ್ತದೆ.

ಅದು ಆಗ ಗೊತ್ತಿರದ ನಾನು ತಲೆ ಎತ್ತಲಿಲ್ಲ. ಅವನ ಮಾತಿನ ಧಾಟಿಯಲ್ಲೇ, "ಗೊತ್ತೈತಿ ಅಜ್ಜಾ, ಹಳ್ಳದಾಗ ಅದೀನಿ" ಎಂದು ನಕ್ಕೆ.

ಅವನು ಇಳಿದು ಓಡಿಬಂದ. ರಟ್ಟೆ ಹಿಡಿದು ಎಬ್ಬಿಸಿದ, ದಂಡೆಯವರೆಗೆ ಎಳೆದ, ಬೆನ್ನಿಗೆ ಕೈ ಕೊಟ್ಟು ಮೇಲೆ ತಳ್ಳಿದ. ನನ್ನ ಕೈಗೆ ಜಾಲಿಯ ಬೇರು ಸಿಕ್ಕಿತು. ತಿರುಗಿ ನೋಡಿದಾಗ ಕೆಂಪು ನೀರಿನಲ್ಲಿ ಮುಳ್ಳುಕಂಟಿಗಳು ಹೊರಳುತ್ತಿದ್ದವು, ಅವುಗಳ ನಡುವೆ ಅವನ ಕಂಬಳಿ. ಎರಡು ದಿನದ ಮೇಲೆ ಕೆಳಗಿನ ಊರಿನವರಿಗೆ ಅವನು ಸಿಕ್ಕ.

ಈಗಲೂ ಬಸ್ಸಿನಲ್ಲಿ, ಮೀಟಿಂಗಿನ ನಡುವೆ, ಅವನು ಕೂಗುತ್ತಾನೆ. ಪ್ರತಿ ಸಲವೂ ನಾನು ನಗುತ್ತೇನೆ. ಆ ನಗುವಿನಷ್ಟು ಹೊತ್ತು ಉಳಿದಿದ್ದರೆ ಇಬ್ಬರೂ ದಂಡೆ ಹತ್ತುತ್ತಿದ್ದೆವು.

ಸೇತುವೆ ಮುಗಿದ ಮೇಲೆ ಅವನ ಹೆಂಡತಿ ಬಂದಳು. ಹೊಲಗಳ ಅಂಚಿನಲ್ಲಿ ಅದು ನಿಜಕ್ಕೂ ಕಾಣಿಸದಂತೆ ಮಲಗಿತ್ತು.

"ಯಾ ಕಂಬದ ಹತ್ರ ರೀ?"

ಮಾನ್ವಿ ಕಡೆಯಿಂದ ಎಣಿಸಿಕೊಂಡು ಹೋಗಿ ತೋರಿಸಿದೆ. ಆಕೆ ಕಂಬಕ್ಕೆ ಅಂಗೈ ಊರಿ ಬಹಳ ಹೊತ್ತು ನಿಂತಳು. ಆಮೇಲೆ ಆಚೀಚೆ ನೋಡಿದಳು.

"ನಾ ಒಬ್ಬಾಕಿನ ಬಂದ್ರ ಹೆಂಗ ಹುಡುಕಲಿ? ಎಲ್ಲಾ ಒಂದ ಥರ ಅದಾವ. ಇದೊಂದಕ್ಕ ಸುಣ್ಣ ಹಚ್ಚಲೇನ್ರಿ?"

"ಮೇಲಿನವರನ್ನ ಕೇಳಿ ಹೇಳ್ತೀನಿ" ಎಂದುಬಿಟ್ಟೆ. ಆಫೀಸಿನಲ್ಲಿ ಪಳಗಿದ ಬಾಯಿ.

"ಕೇಳ್ರಿ ಯವ್ವಾ" ಎಂದು ಸೆರಗು ಹೊದ್ದುಕೊಂಡು ಬಸ್ಸಿಗೆ ದಂಡೆ ಹತ್ತಿದಳು.

ಆಕೆ ಕೇಳಿದ್ದು ನನ್ನನ್ನೇ ಎಂದು ಹೊಳೆಯುವಷ್ಟರಲ್ಲಿ ಬಸ್ಸು ಹೋಗಿತ್ತು.